ಮಾತೂ ಹಿಂಸೆಯೇ

ನಾನು ಅಧ್ಯಾಪಕನಾಗಿದ್ದಾಗ ಬಾಲಕನೊಬ್ಬ ರಾತ್ರಿಯಿಡೀ ಮೊಬೈಲಿನಲ್ಲಿ ಆಡಿ, ತರಗತಿಯಲ್ಲಿ ತೂಕಡಿಸುತ್ತಿದ್ದ. ಎಲ್ಲರೆದುರು ಅವನನ್ನು ‘ನಿಷ್ಪ್ರಯೋಜಕ’ ಎಂದು ಜರಿದೆ. ಬಳಿಕ ಅವನು ಮೆಲ್ಲನೆ ನುಡಿದ: ‘ಮನೆಯಲ್ಲೂ ಹಾಗೆಯೇ ಅನ್ನುತ್ತಾರೆ ಸರ್. ಆಟದಲ್ಲಾದರೂ ನಾನು ಗೆಲ್ಲುತ್ತೇನೆ.’

ಹಿಂಸೆಯು ಕಾಯದಿಂದ ಮಾತ್ರವಲ್ಲ, ಮನ-ವಚನಗಳಿಂದಲೂ ಆಗುತ್ತದೆಂಬುದು ಜಿನವಾಣಿ. ಇರುವೆಯನ್ನು ತುಳಿಯದಂತೆ ನಡೆಯುವ ನಾವು ಮಗುವಿನ ಮನಸ್ಸನ್ನು ತುಳಿಯುತ್ತೇವೆ. ಹಿತ-ಮಿತ-ಪ್ರಿಯವಾಗಿ ನುಡಿಯುವ ಭಾಷಾಸಮಿತಿಯು ಮುನಿಗಳಿಗೆ ವಿಹಿತವಾದರೂ ಗೃಹಸ್ಥನಿಗೂ ಆದರ್ಶವೇ. ನೊಂದ ಮಗು ಆಸರೆಯನ್ನು ಪರದೆಯಲ್ಲಿ ಹುಡುಕುತ್ತದೆ; ಅದಕ್ಕಾಗಿ ಮತ್ತೆ ಬೈದರೆ ವ್ಯಸನ ಬಲಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಡಿಜಿಟಲ್ ಆಟದ ವ್ಯಸನವೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇಂತಹ ವ್ಯಸನಗಳಿಗೆ ಚಿಕಿತ್ಸಾಲಯವಿದೆ. ಅಗತ್ಯವಿದ್ದಲ್ಲಿ ವೈದ್ಯರ ನೆರವು ಪಡೆಯುವುದು ಅವಮಾನವಲ್ಲ.

ಭೋಗೋಪಭೋಗ ಪರಿಮಾಣ ವ್ರತವು ಬಳಕೆಗೆ ಮಿತಿಯನ್ನು ಕಲಿಸುತ್ತದೆ. ಆ ಮಿತಿಯನ್ನು ಹಿರಿಯರು ಮೊದಲು ತಮಗೆ ವಿಧಿಸಿಕೊಳ್ಳಲಿ. ನಿತ್ಯ ಸಾಮಾಯಿಕದ 48 ನಿಮಿಷ ಮನೆಯ ಎಲ್ಲ ಮೊಬೈಲುಗಳೂ ಮೌನವಾಗಿರಲಿ. ಅದಕ್ಕೂ ಮುನ್ನ, ನೋಯಿಸಿದ ಮಾತಿಗಾಗಿ ಮಗುವಿನಲ್ಲಿ ಕ್ಷಮೆ ಬೇಡೋಣ. ಆ ವರ್ಷದ ಕ್ಷಮಾವಣಿಯ ಸಂದರ್ಭದಲ್ಲಿ ನಾನು ಬೇಡಿದೆ, ಅದೇ ತರಗತಿಯಲ್ಲಿ, ಎಲ್ಲರೆದುರಿಗೇ.