ಮುತ್ತಜ್ಜಿಯ ಹೆಸರು ಎಲ್ಲಿದೆ?

ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಮುತ್ತಜ್ಜನ ಹೆಸರೂ ಗೊತ್ತಿರಬಹುದು. ಅವರ ತಂದೆ ಯಾರು, ಯಾವ ಊರಿನಿಂದ ಬಂದು ಇಲ್ಲಿ ನೆಲೆಸಿದರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತೇವೆ. ಇನ್ನು ಮುತ್ತಜ್ಜಿಯ ಹೆಸರು, ಆಕೆಯ ತವರೂರು? ಮನೆಯ ಹಿರಿಯರನ್ನೇ ಕೇಳಿದರೂ ‘ಎಲ್ಲರೂ ದೊಡ್ಡವ್ವ ಅಂತಿದ್ದರು’ ಎಂಬುದಷ್ಟೇ ಉತ್ತರ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮನೆತನದ ಮೂಲ ಹುಡುಕಲು ಹೊರಟವರಿಗೆ ಸಿಗುವ ಮೊದಲ ನೆರವು ಕಚೇರಿಯದಲ್ಲ, ಹೆಳವರದು. ಸುಗ್ಗಿಯ ನಂತರ ಎತ್ತಿನೊಡನೆ ಊರೂರು ಸುತ್ತಿ ಬರುವ ಹೆಳವರು ತಮ್ಮ ಒಕ್ಕಲು ಮನೆಯ ಮುಂದೆ ನಿಂತು ಆ ವಂಶದ ಮೂಲಪುರುಷ, ಮೂಲಸ್ಥಳ, ಮನೆದೇವರು, ಕವಲೊಡೆದ ಅಣ್ಣತಮ್ಮಂದಿರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲರು. ಹಿಂದಿನ ಭೇಟಿಯ ನಂತರ ಹುಟ್ಟಿದ ಮಕ್ಕಳ ಹೆಸರನ್ನು ಹೊತ್ತಿಗೆಗೆ ಸೇರಿಸಿಕೊಂಡು, ದವಸ, ಬಟ್ಟೆ, ಹಣ ಪಡೆದು ಮುಂದಿನ ಊರಿಗೆ ಸಾಗುತ್ತಾರೆ. ಹರಿದ್ವಾರದ ಪಂಡರ ಬಳಿ ಯಾತ್ರಿಕರ ವಂಶಾವಳಿಯ ಬಹಿಗಳಿರುವಂತೆ ನಮ್ಮಲ್ಲಿ ಹೆಳವರ ಹೊತ್ತಿಗೆಗಳಿವೆ. ವ್ಯತ್ಯಾಸ ಇಷ್ಟೆ: ಅಲ್ಲಿಗೆ ನಾವು ಹೋಗಬೇಕು, ಇಲ್ಲಿ ಅವರೇ ಬಾಗಿಲಿಗೆ ಬರುತ್ತಾರೆ. ಆದರೆ ಹೆಳವರ ಮಕ್ಕಳೂ ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಪಟ್ಟಣದ ಬಾಡಿಗೆ ಮನೆಗಳಲ್ಲಿ ಒಕ್ಕಲನ್ನು ಹುಡುಕುವುದೂ ಸುಲಭವಲ್ಲ.

ಎರಡನೆಯ ದಾರಿ ಕಂದಾಯ ಕಾಗದಗಳದು. ಇಲ್ಲಿ ತಾಳ್ಮೆ ಬೇಕು. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಅದಕ್ಕೂ ಹಿಂದೆ ಇದೆಲ್ಲ ಮೈಸೂರು ಜಿಲ್ಲೆ. ಹಾಗಾಗಿ ಹಳೆಯ ಕಾಗದದ ಬೆನ್ನು ಹತ್ತಿದವರು ಮೈಸೂರಿಗೂ ಅಲೆಯಬೇಕಾಗುತ್ತದೆ. ಶಾನುಭೋಗರ ಮೋಡಿ ಬರವಣಿಗೆಯನ್ನು ಓದಬಲ್ಲವರು ಇಂದು ವಿರಳ. ಪಿತ್ರಾರ್ಜಿತ ಗ್ರಾಮಾಧಿಕಾರವನ್ನು ರದ್ದುಪಡಿಸಿದ 1961ರ ಕಾನೂನಿನೊಂದಿಗೆ ಶಾನುಭೋಗಿಕೆಯೂ ಮುಗಿಯಿತು.

ಕಾಗದ ಸಿಕ್ಕಿತೆನ್ನಿ, ಆಗಲೂ ಗೊಂದಲ ತಪ್ಪದು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಪದ್ಧತಿ. ಒಂದು ಪುಟದಲ್ಲಿ ‘ಬೋರೇಗೌಡ ಬಿನ್ ಕಾಳೇಗೌಡ’, ಇನ್ನೊಂದರಲ್ಲಿ ‘ಕಾಳೇಗೌಡ ಬಿನ್ ಬೋರೇಗೌಡ’. ಇವರಲ್ಲಿ ತಾತ ಯಾರು, ಮೊಮ್ಮಗ ಯಾರು? ಹುಟ್ಟಿದ ದಿನವಾದರೂ ನೆರವಿಗೆ ಬಂದೀತೆಂದರೆ ಅದೂ ಇಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದೇ ಅನೇಕರ ಜನ್ಮದಿನ. ಅದಕ್ಕೂ ಹಿಂದಿನವರ ಕಾಲವನ್ನು 1876-78ರ ಧಾತು ಈಶ್ವರ ಬರ, 1898ರ ಪ್ಲೇಗು, 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಇಂಥವುಗಳ ಲೆಕ್ಕದಲ್ಲೇ ಗುರುತಿಸಬೇಕು. ಕಟ್ಟೆಯಲ್ಲಿ ಮುಳುಗಿದ ಊರುಗಳವರಿಗಂತೂ ಮೂಲಸ್ಥಳವೇ ನೀರಿನಡಿ ಇದೆ.

ಭೂಮಿ ಇಲ್ಲದವರ ಪಾಡು ಇನ್ನೂ ಕಷ್ಟ. ಕಂದಾಯ ಕಟ್ಟುವವನ ಹೆಸರಷ್ಟೇ ಸರ್ಕಾರಕ್ಕೆ ಬೇಕಿತ್ತು. ಗದ್ದೆ ಉತ್ತವನದಾಗಲಿ, ನಾಟಿ ಹಾಕಿದವಳದಾಗಲಿ ಬೇಕಿರಲಿಲ್ಲ. 1974ರ ಭೂಸುಧಾರಣೆಯ ನಂತರ ಗೇಣಿದಾರರು ಭೂನ್ಯಾಯಮಂಡಳಿಗೆ ಸಲ್ಲಿಸಿದ ಏಳನೇ ನಮೂನೆಯ ಅರ್ಜಿಯೇ ಎಷ್ಟೋ ಕುಟುಂಬಗಳ ಮೊದಲ ಲಿಖಿತ ಚರಿತ್ರೆ ಎಂದರೆ ತಪ್ಪಾಗದು.

ಇದೇ ನೆಲದಲ್ಲಿ ಒಂದು ನಾಯಿಗೆ ಸಾವಿರ ವರ್ಷ ದಾಟಿದ ದಾಖಲೆಯಿದೆ ಎಂಬುದು ವಿಚಿತ್ರವಾದರೂ ನಿಜ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ವೀರಗಲ್ಲು, ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯನ್ನು ಹೆಸರಿಸುತ್ತದೆ. ಗಂಗ ಬೂತುಗನಿಂದ ಅದನ್ನು ಕೇಳಿ ಪಡೆದ ಮಣಲೇರನ ಹೆಸರೂ ಅಲ್ಲಿದೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೆನಪಿಡಬೇಕೆಂದು ಒಬ್ಬರಿಗೆ ಅನ್ನಿಸಿತು, ಕಲ್ಲು ನಿಂತಿತು. ಅನ್ನಿಸದಿದ್ದ ಕಡೆ ಹೆಸರು ಅಳಿಯಿತು.

ಹಾಗೆ ಅಳಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹೆಳವರ ಹೊತ್ತಿಗೆ ಮುಖ್ಯವಾಗಿ ಗಂಡುಸಂತಾನದ ಸಾಲು. ಮಗಳ ಹೆಸರು ಬಂದರೂ ಸಾಲು ಅವಳಿಂದ ಮುಂದುವರಿಯದು. ಕಂದಾಯ ಕಾಗದದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ‘ಕೋಂ’ ಎಂಬ ಎರಡಕ್ಷರದ ಹಿಂದೆ ಒಮ್ಮೆ ಕಾಣಿಸಿಕೊಳ್ಳುತ್ತಾಳೆ. ಖಾತೆ ಮಗನಿಗೆ ಬದಲಾದೊಡನೆ ಮರೆಯಾಗುತ್ತಾಳೆ.

ಕಾನೂನು ಈಗ ಈ ಪಟ್ಟಿಯನ್ನು ತಿದ್ದಲು ಹೊರಟಿದೆ. ಕರ್ನಾಟಕ 1994ರಲ್ಲಿಯೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಹೀಗಾಗಿ ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ಮಾಡಿಸುವ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರೂ ಇರಲೇಬೇಕು. ಅವರನ್ನು ಬಿಟ್ಟು ಬರೆಸಿ ಕೋರ್ಟಿನ ಮೆಟ್ಟಿಲು ಹತ್ತಿದ ಮನೆಗಳು ಕಡಿಮೆಯೇನಿಲ್ಲ. ವಂಶವೃಕ್ಷ ಎಂಬ ಮಾತು ಕೇಳಿದೊಡನೆ ಅಣ್ಣತಮ್ಮಂದಿರ ಮುಖ ಬಿಗಿಯುವುದೂ, ‘ಈಗ ಯಾಕೆ ಕೇಳ್ತಿದ್ದೀಯಪ್ಪ?’ ಎಂಬ ಅನುಮಾನ ಹುಟ್ಟುವುದೂ ಇದೇ ಕಾರಣಕ್ಕೆ.

ಹಾಗೆಂದು ಈ ಹುಡುಕಾಟದಲ್ಲಿ ಸಂತೋಷವಿಲ್ಲವೆಂದಲ್ಲ. ಮನೆದೇವರ ಪರಿಷೆಗೆ ಹೋದಾಗ ಎಲ್ಲಿಂದಲೋ ಬಂದ ಅಪರಿಚಿತರು ಅದೇ ಮೂಲಪುರುಷನ ಹೆಸರು ಹೇಳಿದರೆ ಆಗುವ ಖುಷಿಯೇ ಬೇರೆ. ನಾಲ್ಕು ತಲೆಮಾರಿನ ಹಿಂದೆ ಬೇರೆಯಾದ ದಾಯಾದಿಗಳು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದುಂಟು.

ಹುಡುಕಬೇಕೆನ್ನುವವರು ಕಚೇರಿಗೆ ಹೋಗುವ ಮುನ್ನ ಅಡುಗೆಮನೆಗೆ ಹೋಗುವುದು ಒಳ್ಳೆಯದು. ಯಾರ ತವರು ಯಾವ ಊರು, ಯಾವ ಬಾಣಂತನದಲ್ಲಿ ಯಾರು ತೀರಿಕೊಂಡರು, ಯಾವ ಓಲೆ ಯಾರಿಂದ ಯಾರಿಗೆ ಬಂತು ಎಂಬುದೆಲ್ಲ ಅಜ್ಜಿಯರಿಗೆ ನೆನಪಿರುತ್ತದೆ. ಪಹಣಿಯ ನಕಲು ಮುಂದಿನ ವರ್ಷವೂ ಸಿಕ್ಕೀತು. ತೊಂಬತ್ತು ದಾಟಿದ ಅಜ್ಜಿಯನ್ನು ಕೇಳುವುದನ್ನು ಮಾತ್ರ ಮುಂದಿನ ಹಬ್ಬಕ್ಕೆ ಉಳಿಸಬಾರದು. ಕೇಳುವಾಗ ಅವರ ಅಮ್ಮನ ಹೆಸರನ್ನೇ ಮೊದಲು ಬರೆದುಕೊಳ್ಳಿ.