ಒಂದೇ ಸರ್ವರಿನಲ್ಲಿ ಸಮಾಂತರ ಕಡತ ವ್ಯವಸ್ಥೆ

ಸೂಪರ್‌ಕಂಪ್ಯೂಟರುಗಳ ವಿಚಾರ ಬಂದಾಗ ಪ್ರೊಸೆಸರುಗಳ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ಆ ಸಾವಿರಾರು ಪ್ರೊಸೆಸರುಗಳು ಏಕಕಾಲಕ್ಕೆ ಬರೆಯುವ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ವಿರಳ. ಒಂದು ಡಿಸ್ಕಿಗೆ ಆ ಭಾರ ತಾಳದು. ಕಡತವನ್ನು ತುಂಡರಿಸಿ ಹಲವು ಡಿಸ್ಕುಗಳಲ್ಲಿ ಹಂಚಿಡುವ ಸಮಾಂತರ ಕಡತ ವ್ಯವಸ್ಥೆಗಳು ಹುಟ್ಟಿದ್ದು ಈ ಕಾರಣದಿಂದಲೇ. ಅವುಗಳಲ್ಲಿ ಪ್ರಮುಖವಾದ ಲಸ್ಟರ್ ಒಂದು ಮುಕ್ತ ತಂತ್ರಾಂಶ. ಲಿನಕ್ಸ್ ಮತ್ತು ಕ್ಲಸ್ಟರ್ ಪದಗಳು ಕೂಡಿ ಈ ಹೆಸರಾಗಿದೆ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಬ್ರಾಮ್ ಇದನ್ನು ಆರಂಭಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪಿತವಾದ ಸಹಸ್ರ-ಟಿ ಯಂತ್ರವೂ ಲಸ್ಟರನ್ನೇ ಅವಲಂಬಿಸಿತ್ತು.

ಅಂತಹ ಕಡೆ ಸರ್ವರುಗಳ ಸಾಲೇ ಇರುತ್ತದೆ. ಕಲಿಯಲಿಚ್ಛಿಸುವವರ ಬಳಿ ಇರುವುದು ಒಂದೇ ಯಂತ್ರ. ಅದು ಸಾಕು.

ಲಸ್ಟರಿನ ರಚನೆಯನ್ನು ಹಳ್ಳಿಯ ಶಾನುಭೋಗರ ಉದಾಹರಣೆಯಿಂದ ಅರಿಯಬಹುದು. ಧಾನ್ಯ ಕಣಜಗಳಲ್ಲಿರುತ್ತದೆ, ಯಾವ ಕಣಜದಲ್ಲಿ ಏನಿದೆ ಎಂಬ ಲೆಕ್ಕ ಶಾನುಭೋಗರ ಪುಸ್ತಕದಲ್ಲಿರುತ್ತದೆ. ಇಲ್ಲಿ ಆ ಪುಸ್ತಕವೇ ಎಂಡಿಟಿ: ಕಡತದ ಹೆಸರು, ಅನುಮತಿ, ತುಂಡುಗಳ ವಿಳಾಸ ಅದರಲ್ಲಿ. ಕಣಜಗಳು ಓಎಸ್‌ಟಿಗಳು. ಇಡೀ ವ್ಯವಸ್ಥೆಯ ಸಂರಚನೆಯನ್ನು ಕಾಯುವುದು ಎಂಜಿಎಸ್. ಸಣ್ಣ ವ್ಯವಸ್ಥೆಗಳಲ್ಲಿ ಇದನ್ನು ಎಂಡಿಟಿಯೊಡನೆ ಒಂದೇ ಡಿಸ್ಕಿನಲ್ಲಿ ಇಡಬಹುದು.

ಹೊಸಬರು ಹೆಚ್ಚಾಗಿ ಎಡವುವುದು ಮೊದಲ ಹೆಜ್ಜೆಯಲ್ಲಿಯೇ. ಲಸ್ಟರಿನ ಪ್ರತಿ ಆವೃತ್ತಿಯೂ ನಿರ್ದಿಷ್ಟ ಲಿನಕ್ಸ್ ಕರ್ನಲ್‌ಗಳಿಗೆ ಮಾತ್ರ ಹೊಂದುತ್ತದೆ. ಆಕರದಿಂದ ಕಟ್ಟುವುದಾದರೆ ಚಾಲನೆಯಲ್ಲಿರುವ ಕರ್ನಲ್‌ನ ಆವೃತ್ತಿಗೂ ಅದರ ಅಭಿವೃದ್ಧಿ ಕಡತಗಳ ಆವೃತ್ತಿಗೂ ಅಕ್ಷರಶಃ ಹೊಂದಾಣಿಕೆ ಇರಬೇಕು. ಇಲ್ಲವಾದರೆ ಕಂಪೈಲ್ ಮುಗಿದರೂ ಮಾಡ್ಯೂಲ್ ಏರುವುದಿಲ್ಲ. ಎರಡನೆಯ ತೊಡಕು ಜಾಲದ್ದು. ಎಲ್ಲವೂ ಒಂದೇ ಯಂತ್ರದಲ್ಲಿದೆಯೆಂದು 127.0.0.1 ವಿಳಾಸವನ್ನು ಕೊಡಲಾಗದು. ಜಾಲ ಕಾರ್ಡಿನ ನಿಜವಾದ ವಿಳಾಸವನ್ನೇ ಕೊಡಬೇಕು. ಯಂತ್ರದ ಹೆಸರು ಹೋಸ್ಟ್ಸ್ ಕಡತದಲ್ಲಿ 127.0.0.1ಕ್ಕೆ ಅಂಟಿಕೊಂಡಿದ್ದರೆ ಅದನ್ನೂ ತಿದ್ದಬೇಕು.

ಅನಂತರ ಮೂರು ಖಾಲಿ ಡಿಸ್ಕುಗಳು ಬೇಕು. ಎಂಕೆಎಫ್‌ಎಸ್ ಡಾಟ್ ಲಸ್ಟರ್ ಎಂಬ ಆದೇಶದಿಂದ ಮೊದಲನೆಯದನ್ನು ಎಂಜಿಎಸ್ ಹಾಗೂ ಎಂಡಿಟಿಯಾಗಿ, ಉಳಿದೆರಡನ್ನು ಓಎಸ್‌ಟಿಗಳಾಗಿ ಸಿದ್ಧಪಡಿಸಬೇಕು. ಮೂರಕ್ಕೂ ಒಂದೇ ವ್ಯವಸ್ಥಾನಾಮ ಕೊಡಬೇಕು. ಅದು ಎಂಟು ಅಕ್ಷರ ಮೀರಬಾರದು. ಈ ಆದೇಶ ಡಿಸ್ಕನ್ನು ಅಳಿಸಿಹಾಕುತ್ತದೆ. ಆದ್ದರಿಂದ ಎಂಟರ್ ಒತ್ತುವ ಮುನ್ನ ಡಿಸ್ಕಿನ ಹೆಸರನ್ನು ಎರಡು ಬಾರಿ ನೋಡುವುದು ಒಳಿತು. ಎಂಡಿಟಿಯನ್ನು ಮೊದಲು, ಓಎಸ್‌ಟಿಗಳನ್ನು ಆಮೇಲೆ, ಬಳಕೆದಾರರ ಕಡೆಯ ಕ್ಲೈಂಟನ್ನು ಕೊನೆಗೆ ಮೌಂಟ್ ಮಾಡಬೇಕು. ಡಿಸ್ಕುಗಳಿಲ್ಲದವರು ದೊಡ್ಡ ಕಡತಗಳನ್ನೇ ಡಿಸ್ಕಿನಂತೆ ಬಳಸಿ ಅಭ್ಯಾಸ ಮಾಡಬಹುದು. ವೇಗವನ್ನು ಮಾತ್ರ ನಿರೀಕ್ಷಿಸಬಾರದು.

ಎಲ್‌ಎಫ್‌ಎಸ್ ಸೆಟ್‌ಸ್ಟ್ರೈಪ್ ಆದೇಶದಿಂದ ಒಂದು ಕಡತಕೋಶಕ್ಕೆ ಎರಡು ಪಟ್ಟಿ, ಒಂದು ಎಂಬಿ ತುಂಡು ಎಂದು ವಿಧಿಸಿದೆವೆನ್ನಿ. ಅಲ್ಲಿ 10 ಎಂಬಿ ಕಡತ ಬರೆದರೆ ಬೆಸ ತುಂಡುಗಳು ಒಂದು ಓಎಸ್‌ಟಿಗೆ, ಸಮ ತುಂಡುಗಳು ಇನ್ನೊಂದಕ್ಕೆ ಸೇರಿ, ತಲಾ 5 ಎಂಬಿ ಆಗುತ್ತದೆ. ಗೆಟ್‌ಸ್ಟ್ರೈಪ್ ಆದೇಶ ಈ ಹಂಚಿಕೆಯನ್ನು ತೋರಿಸುತ್ತದೆ.

ಹಂಚಿಕೆಯೆಂದರೆ ನಕಲಲ್ಲ. ಒಂದು ಓಎಸ್‌ಟಿ ಕೆಟ್ಟರೆ ಆ ಕಡತದ ಅರ್ಧ ಹೋಯಿತು. ಉಳಿದ ಅರ್ಧ ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು. 2018ರ 2.11ನೇ ಆವೃತ್ತಿಯಲ್ಲಿ ಕಡತಗಳ ಪ್ರತಿಬಿಂಬ ಇಡುವ ಸೌಲಭ್ಯ ಬಂದಿತಾದರೂ ಅದನ್ನು ನಾವಾಗಿಯೇ ಕೇಳಿ ಪಡೆಯಬೇಕು.

ಇನ್ನೊಂದು ಅಪಾಯ ಏಕಯಂತ್ರಕ್ಕೇ ವಿಶಿಷ್ಟವಾದುದು. ಮೆಮೊರಿ ತುಂಬಿದಾಗ ಕ್ಲೈಂಟ್ ತನ್ನಲ್ಲಿರುವುದನ್ನು ಓಎಸ್‌ಟಿಗೆ ಬರೆದು ಜಾಗ ಬಿಡಿಸಲು ಯತ್ನಿಸುತ್ತದೆ. ಹಾಗೆ ಬರೆಸಿಕೊಳ್ಳಲು ಸರ್ವರಿಗೂ ಮೆಮೊರಿ ಬೇಕು. ಅದೇ ಯಂತ್ರದಲ್ಲಿ ಅದು ಉಳಿದಿರುವುದಿಲ್ಲ. ಒಂದು ಮತ್ತೊಂದಕ್ಕಾಗಿ ಕಾಯುತ್ತಾ ಎರಡೂ ಸ್ತಬ್ಧವಾಗುತ್ತವೆ. ಆದುದರಿಂದ ಈ ಏರ್ಪಾಡಿನಲ್ಲಿ ಪ್ರಯೋಗಗಳನ್ನು ಮಾಡಬಹುದೇ ಹೊರತು ಪ್ರಬಂಧದ ಏಕೈಕ ಪ್ರತಿಯನ್ನಾಗಲಿ, ವರ್ಷಗಟ್ಟಲೆ ಕಲೆಹಾಕಿದ ದತ್ತಾಂಶವನ್ನಾಗಲಿ ಇಡಬಾರದು.

ಮುಚ್ಚುವಾಗ ಕ್ಲೈಂಟನ್ನು ಮೊದಲು ಕಳಚಿ, ಬಳಿಕ ಎಂಡಿಟಿಯನ್ನು, ಕಡೆಗೆ ಓಎಸ್‌ಟಿಗಳನ್ನು ಕಳಚಬೇಕು.