ಎರಡು ದಿನದ ಸರ್ಟಿಫಿಕೇಟು, ಬೆಂಗಳೂರಿನ ನೌಕರಿ

“ಎರಡು ದಿನದ ಸ್ಕ್ರಮ್ ಮಾಸ್ಟರ್ ಕೋರ್ಸ್ ಮಾಡಿಸಿದ್ರ ಹುಡುಗಗ ಬೆಂಗಳೂರಾಗ ನೌಕರಿ ಪಕ್ಕಾ ಅಂತಾರಲ್ರೀ, ಹೌದೇನ್ರೀ?” ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆಯ ತಂದೆ-ತಾಯಿ ಹೀಗೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಪಕ್ಕಾ ಅಲ್ರೀ, ಕಚ್ಚಾ ಕೂಡ ಅಲ್ಲ.

ಮೊದಲು ಆ ಸರ್ಟಿಫಿಕೇಟು ಏನೆಂದು ನೋಡಿ. ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟಿ, ತೋರಿಸಿ, ತಿದ್ದುವ ಪದ್ಧತಿಗೆ ಅಜೈಲ್ ಎನ್ನುತ್ತಾರೆ; ಸ್ಕ್ರಮ್ ಅದರ ಒಂದು ಬಗೆ. ಸ್ಕ್ರಮ್ ಅಲಯನ್ಸ್‌ನ ಸಿಎಸ್ಎಂ (ಸರ್ಟಿಫೈಡ್ ಸ್ಕ್ರಮ್ ಮಾಸ್ಟರ್) ಪರೀಕ್ಷೆಯಲ್ಲಿ 50 ಪ್ರಶ್ನೆ, 37 ಸರಿಯಾದರೆ ಪಾಸು. ಎರಡು ವರ್ಷ ಕಳೆದರೆ ಮತ್ತೆ ಹಣ ಕಟ್ಟಿ ನವೀಕರಿಸಬೇಕು. ಸ್ಕ್ರಮ್ ಡಾಟ್ ಆರ್ಗ್‌ನ ಪಿಎಸ್ಎಂ-1 (ಪ್ರೊಫೆಷನಲ್ ಸ್ಕ್ರಮ್ ಮಾಸ್ಟರ್) ಪರೀಕ್ಷೆಗೆ ಕೋರ್ಸೇ ಕಡ್ಡಾಯವಲ್ಲ. ಒಂದು ಗಂಟೆಯಲ್ಲಿ 80 ಪ್ರಶ್ನೆ, ಶೇ. 85 ಬಂದರಾಯಿತು. ಇವೆರಡಕ್ಕೂ ಮೂಲ ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಬರೆದ ‘ಸ್ಕ್ರಮ್ ಗೈಡ್’. ಅದು ಹದಿನೈದು ಪುಟವೂ ಇಲ್ಲ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಗುವುದನ್ನು ಪ್ರಾಜೆಕ್ಟರ್ ಹಾಕಿ ಓದಿ ಹೇಳುವುದಕ್ಕೆ ಸಾವಿರಾರು ರೂಪಾಯಿ!

ಸ್ಕ್ರಮ್ ಮಾಸ್ಟರ್ ಎಂದರೆ ಮ್ಯಾನೇಜರ್ ಅಲ್ಲ. ತಂಡದ ಕೆಲಸಕ್ಕೆ ಅಡ್ಡ ಬರುವುದನ್ನು ಗುರುತಿಸಿ ತೆಗೆಸುವವನು, ಪರಸ್ಪರ ಮಾತು ಬಿಟ್ಟ ಪ್ರೋಗ್ರಾಮರನ್ನೂ ಟೆಸ್ಟರನ್ನೂ ಒಂದೇ ಮೇಜಿಗೆ ಕೂರಿಸುವವನು. ಒಂದು ಸಲವೂ ತಂಡದಲ್ಲಿ ಕೋಡ್ ಬರೆಯದ, ಗಡುವು ತಪ್ಪಿ ಬೈಸಿಕೊಳ್ಳದ ಇಪ್ಪತ್ತೆರಡರ ಹುಡುಗ ಇದನ್ನು ಹೇಗೆ ಮಾಡಬೇಕು? ಅನುಭವಿಗಳಿಗೂ ಈ ಹುದ್ದೆ ಗಟ್ಟಿಯಲ್ಲ. 2023ರ ಜನವರಿಯಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು ಅಜೈಲ್ ಹುದ್ದೆಗಳ ಇಡೀ ವರ್ಗವನ್ನೇ ರದ್ದು ಮಾಡಿ ಸುಮಾರು 1,100 ಜನರ ಕೆಲಸ ತೆಗೆಯಿತು. ಆ ಕೆಲಸವನ್ನು ಎಂಜಿನಿಯರುಗಳೇ ಮಾಡಿಕೊಳ್ಳಲಿ ಎಂಬುದು ಅವರ ಲೆಕ್ಕಾಚಾರ. ಕೋರ್ಸಿನ ಜಾಹೀರಾತಿನಲ್ಲಿ ಈ ಸುದ್ದಿ ಎಲ್ಲೂ ಕಾಣುವುದಿಲ್ಲ.

ತಮಾಷೆಯೆಂದರೆ, 2001ರ ಫೆಬ್ರುವರಿಯಲ್ಲಿ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿ ಅಜೈಲ್ ಪ್ರಣಾಳಿಕೆ ಬರೆದ 17 ಜನರಲ್ಲೇ ಕೆಲವರಿಗೆ ಈ ವ್ಯಾಪಾರ ಸಾಕಾಗಿದೆ. ಡೇವ್ ಥಾಮಸ್ 2014ರಲ್ಲೇ ‘ಅಜೈಲ್ ಸತ್ತಿದೆ’ ಎಂದು ಬರೆದರು. 2018ರಲ್ಲಿ ರಾನ್ ಜೆಫ್ರೀಸ್, ಪ್ರೋಗ್ರಾಮರುಗಳು ಈ ಹೆಸರಿನ ಗೊಡವೆಯನ್ನೇ ಬಿಡಲಿ ಎಂದರು. ಪ್ರಣಾಳಿಕೆಯಲ್ಲಿ ಸರ್ಟಿಫಿಕೇಟಿನ ಮಾತೇ ಇಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಅಜೈಲ್ ಅಂದರೆ ದಾಖಲೆ ಬರೆಯಬೇಕಿಲ್ಲ ಅನ್ನುವುದು ಸೋಮಾರಿಗಳ ಸೃಷ್ಟಿ. ಕೆಲಸ ಮಾಡುವ ಸಾಫ್ಟ್‌ವೇರಿಗೆ ಹೆಚ್ಚು ಬೆಲೆ ಎಂದಷ್ಟೇ ಪ್ರಣಾಳಿಕೆ ಹೇಳಿದ್ದು. ದಿನಾ ಬೆಳಿಗ್ಗೆ ನಿಂತುಕೊಂಡು ‘ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಅಡ್ಡಿ ಏನು’ ಎಂಬ ಮೂರು ಪ್ರಶ್ನೆಗೆ ಉತ್ತರಿಸಿದರೆ ಅಜೈಲ್ ಆಯಿತೆನ್ನುವವರಿಗೆ: ಆ ಮೂರು ಪ್ರಶ್ನೆಗಳನ್ನು 2020ರ ಗೈಡ್ ಕೈಬಿಟ್ಟಿದೆ, ನಿಲ್ಲಬೇಕೆಂದೂ ಅದರಲ್ಲಿಲ್ಲ.

ನನಗೆ ಅರ್ಥವಾಗದ್ದು ಇದು. ಮಣೂಕ (ಒಣದ್ರಾಕ್ಷಿ) ಕೊಳ್ಳುವಾಗ ತಿಕೋಟಾದಲ್ಲಿ ಯಾರೂ ಡಬ್ಬಿಯ ಮೇಲಿನ ಚೀಟಿ ನೋಡಿ ದರ ಕಟ್ಟುವುದಿಲ್ಲ. ಮುಷ್ಟಿ ತುಂಬ ತೆಗೆದು ಬಣ್ಣ, ಗಾತ್ರ ನೋಡಿ, ನಾಲ್ಕು ಬಾಯಿಗೆ ಹಾಕಿಕೊಂಡ ಮೇಲೆ ಮಾತು. ಅದೇ ಮನುಷ್ಯ ಮಗನ ವಿಷಯಕ್ಕೆ ಬಂದರೆ ‘ನೂರಕ್ಕೆ ನೂರು ನೌಕರಿ’ ಎಂಬ ಫಲಕ ನೋಡಿ ಎಣಿಸದೆ ಹಣ ಕೊಡುತ್ತಾನೆ. ಪಿಎಸ್ಐ ಪರೀಕ್ಷೆಯ ‘ಗ್ಯಾರಂಟಿ’ ಇರಲಿ, ವಿದೇಶದ ನೌಕರಿ ಇರಲಿ, ಈ ನಂಬುವ ರೋಗ ಒಂದೇ. ಇಂಗ್ಲಿಷ್ ಹೆಸರಿದ್ದರೆ ಇನ್ನೂ ಜೋರು.

ಹಾಗಾದರೆ ಮಾಡಬೇಕಾದ್ದೇನು? ವಿಟಿಯು ಪಠ್ಯದಲ್ಲೇ ಅಜೈಲ್ ಅಧ್ಯಾಯವಿದೆ. ವಿಜಯಪುರದ ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಯುವ ಹುಡುಗ-ಹುಡುಗಿಯರು ನಾಲ್ಕು ಜನ ಸೇರಿ, ಊರಿನ ಮಣೂಕ ವ್ಯಾಪಾರಿಯ ಲೆಕ್ಕಕ್ಕೊಂದು ಆ್ಯಪ್ ಕಟ್ಟಿ, ಎರಡು ವಾರಕ್ಕೊಮ್ಮೆ ಅವರಿಗೇ ತೋರಿಸಿ ಬೈಸಿಕೊಂಡು ತಿದ್ದಲಿ. ಸಂದರ್ಶನದಲ್ಲಿ ಹೇಳಲು ಸ್ವಂತದ್ದೊಂದು ಇರುತ್ತದೆ. ತಂದೆ-ತಾಯಿಗೆ ನನ್ನ ವಿನಂತಿ ಇಷ್ಟೇ: ಹೋದ ವರ್ಷ ನಿಮ್ಮಲ್ಲಿ ಕಲಿತವರು ಯಾವ ಕಂಪನಿಯಲ್ಲಿ, ಯಾವ ಹುದ್ದೆಯಲ್ಲಿದ್ದಾರೆ ಎಂದು ಕೋರ್ಸಿನವರನ್ನು ಕೇಳಿ, ಅವರಲ್ಲಿ ಇಬ್ಬರೊಡನೆ ನೀವೇ ಫೋನಿನಲ್ಲಿ ಮಾತಾಡಿ. ಅಲ್ಲಿಯವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.